ಮದ್ದೂರಿನ ಆಕಾಶಶಿಲೆ ಮತ್ತು ಕ್ಷುದ್ರಗ್ರಹಗಳ ಪೂರ್ವಚರಿತ್ರೆ

ಕಳೆದ ಡಿಸೆಂಬರ್ 13ರ ಇರುಳು ಪೂರಿಗಾಲಿಯಲ್ಲಿ ಶಿವಾನುಭವ ಗೋಷ್ಠಿಯನ್ನು ಮುಗಿಸಿ ಭಕ್ತರೊಬ್ಬರ ಮನೆಯ ಜಗಲಿಯ ಮೇಲೆ ಕುಳಿತಿದ್ದೆವು. ಮಳವಳ್ಳಿ ಸೀಮೆಯ ಚಳಿಗಾಲದ ಆಕಾಶ ಅಂದು ನಿರ್ಮಲವಾಗಿತ್ತು. ಗದ್ದೆಬಯಲಿನ ಮೇಲೆ ಮಿಥುನರಾಶಿ ಏರಿ ಬಂದಿತ್ತು. ಅದರ ದಿಕ್ಕಿನಿಂದಲೇ ಹೊರಟಂತೆ ಒಂದು ಉಲ್ಕೆ ಬೆಳ್ಳಿಯ ಗೆರೆ ಎಳೆದು ಮಾಯವಾಯಿತು. ಮನೆಯ ಹಿರಿಯರು ‘ಶಿವ ಶಿವಾ’ ಎಂದು ಕಣ್ಣು ಮುಚ್ಚಿಕೊಂಡರು. ಅವರ ಮೊಮ್ಮಗ, ಶಾಲೆಗೆ ಹೋಗುವ ಬಾಲಕ, ಕಣ್ಣು ಮುಚ್ಚಲಿಲ್ಲ. ‘ಬುದ್ಧೀ, ಅದು ಬಿದ್ದದ್ದೆಲ್ಲಿ? ನಾಳೆ ಹುಡುಕುದ್ರೆ ಸಿಕ್ತದಾ?’ ಎಂದು ಕೇಳಿದ.

ಸಿಕ್ಕುವುದಿಲ್ಲ ಎಂಬುದೇ ಆ ಪ್ರಶ್ನೆಗೆ ಉತ್ತರ. ಪ್ರತಿ ವರ್ಷ ಡಿಸೆಂಬರ್ ನಡುವಿನಲ್ಲಿ ಮಿಥುನರಾಶಿಯ ಕಡೆಯಿಂದ ಸುರಿಯುವ ಈ ಉಲ್ಕೆಗಳು ಮರಳಿನ ಕಣದಷ್ಟು ಸಣ್ಣವು. ನೆಲ ಮುಟ್ಟುವ ಮೊದಲೇ ಉರಿದು ಹೋಗುತ್ತವೆ. ಆದರೆ ಅವು ಎಲ್ಲಿಂದ ಬಂದವು ಎಂಬುದು ಕುತೂಹಲಕರವಾದ ಸಂಗತಿ. ಉಲ್ಕಾವೃಷ್ಟಿಗಳಲ್ಲಿ ಹೆಚ್ಚಿನವು ಧೂಮಕೇತುಗಳ ಧೂಳಿನಿಂದ ಉಂಟಾದವು. ಇದಕ್ಕಾದರೋ 1983ರಲ್ಲಿ ಪತ್ತೆಯಾದ ಫೇಥಾನ್ ಎಂಬ ಕ್ಷುದ್ರಗ್ರಹವು ಮೂಲ. ಅಷ್ಟರಮಟ್ಟಿಗೆ ಆ ಬಾಲಕನು ಅಂದು ಕಂಡದ್ದು ಒಂದು ಕ್ಷುದ್ರಗ್ರಹದ ಚೂರನ್ನೇ.

ಇನ್ನು, ಹುಡುಕಿದರೆ ಸಿಕ್ಕುವಂಥದು ಇದೇ ಸೀಮೆಯಲ್ಲಿ ಒಮ್ಮೆ ಬಿದ್ದದ್ದುಂಟು. ಪ್ರಿಯ ವಾಚಕರೇ, ಮದ್ದೂರು ಎಂದೊಡನೆ ನಮ್ಮೆಲ್ಲರ ನಾಲಗೆ ವಡೆಯನ್ನು ಸ್ಮರಿಸುತ್ತದೆ. ಆದರೆ ಲೋಕದ ಖಗೋಳಜ್ಞರ ಪಟ್ಟಿಯಲ್ಲಿ ಆ ಊರಿನ ಹೆಸರು ಬೇರೊಂದು ಕಾರಣದಿಂದ ಸೇರಿಹೋಗಿದೆ. 1865ನೆಯ ಇಸವಿ ಸೆಪ್ಟೆಂಬರ್ 21ರಂದು ಮದ್ದೂರಿನ ಆಸುಪಾಸಿನಲ್ಲಿ ಆಕಾಶದಿಂದ ಶಿಲೆ ಬಿತ್ತು. ಸಿಕ್ಕಿದ ಭಾಗದ ತೂಕ ನಾಲ್ಕು ಕಿಲೋಗ್ರಾಮಿಗೆ ಮಿಕ್ಕುದು. ಅಂದು ಮೈಸೂರು ಸೀಮೆ ಇಂಗ್ಲಿಷರ ಕಮಿಷನರ್ ಬೌರಿಂಗ್ ಅವರ ಆಡಳಿತದಲ್ಲಿತ್ತು. ಮಂಡ್ಯ ಜಿಲ್ಲೆ ಹುಟ್ಟಲು (1939) ಇನ್ನೂ ಮುಕ್ಕಾಲು ಶತಮಾನವಿತ್ತು. ಮದ್ದೂರಿಗೆ ರೈಲು ಬಂದಿರಲಿಲ್ಲ. ಇಂಗ್ಲಿಷರ ಬಾಯಲ್ಲಿ ಊರಿನ ಹೆಸರು ‘ಮುದ್ದೂರ್’ ಎಂದಾಯಿತು. ಹಾಗೆಯೇ ದಾಖಲೆಯಲ್ಲಿ ನಿಂತಿತು. ಮದ್ದೂರು, ಮಳವಳ್ಳಿಗಳ ಕಡೆ ನಾವು ವಿಚಾರಿಸಿದ ಹಲವರಲ್ಲಿ ಈ ಸಂಗತಿಯನ್ನು ಕೇಳಿದ್ದವರು ಒಬ್ಬರೂ ಸಿಕ್ಕಲಿಲ್ಲ. ಬರಗಾಲವನ್ನೂ ಪ್ಲೇಗನ್ನೂ ಮರೆಯದ ಜನ ಇದನ್ನು ಹೇಗೆ ಮರೆತರೋ ತಿಳಿಯದು. ಮರೆತುದರಿಂದ ನಷ್ಟವಾದದ್ದೇನು ಎಂಬುದು ಆ ಶಿಲೆಯ ಚರಿತ್ರೆಯನ್ನು ತಿಳಿದ ಮೇಲೆ ಗೊತ್ತಾಗುತ್ತದೆ.

ಉಲ್ಕೆಗಳನ್ನು ಕುರಿತು ನಮ್ಮ ಪೂರ್ವಿಕರು ಮೌನವಾಗಿರಲಿಲ್ಲ. ಆರನೆಯ ಶತಮಾನದ ವರಾಹಮಿಹಿರಾಚಾರ್ಯನು ಬೃಹತ್ಸಂಹಿತೆಯಲ್ಲಿ ಇದಕ್ಕೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟು ಧಿಷ್ಣ್ಯಾ, ಉಲ್ಕಾ, ಅಶನಿ, ವಿದ್ಯುತ್, ತಾರಾ ಎಂದು ಐದು ಬಗೆಗಳನ್ನು ಹೇಳುತ್ತಾನೆ. ಸ್ವರ್ಗದಲ್ಲಿ ಪುಣ್ಯಫಲವನ್ನು ಉಂಡು ತೀರಿಸಿ ಕೆಳಗೆ ಬೀಳುವವರ ರೂಪಗಳೇ ಇವು ಎಂಬುದು ಅವನು ಹೇಳುವ ನಿರ್ವಚನ. ಕಾಶಿಯಲ್ಲಿ ಪಾಠ ಓದುವಾಗ ಇದನ್ನು ಭಕ್ತಿಯಿಂದ ಕಂಠಪಾಠ ಮಾಡಿದ್ದೆವು. ಮುಂದೆ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಪುಸ್ತಕ ಹಿಡಿದಾಗ ನಕ್ಕೆವು. ಈಗ ನಗು ಬರುವುದಿಲ್ಲ. ಬೆಂಕಿಯ ಗೆರೆಯನ್ನೂ ಸಿಡಿಲನ್ನೂ ನೆಲಕ್ಕೆ ಬೀಳುವ ಗಟ್ಟಿ ವಸ್ತುವನ್ನೂ ಬೇರೆಬೇರೆಯಾಗಿ ನೋಡಬೇಕೆಂಬ ವಿವೇಕ ಅಲ್ಲಿದೆ. ಅದೇ ಕಾಲಕ್ಕೂ ಅದಾದ ಸಾವಿರ ವರ್ಷಕ್ಕೂ ಅನ್ಯದೇಶಗಳ ಪಂಡಿತರು ಇದಕ್ಕಿಂತ ಮುಂದೆ ಹೋಗಿರಲಿಲ್ಲ. 1492ರಲ್ಲಿ ಆಲ್ಸೇಸ್ ಪ್ರಾಂತದ ಎನ್ಸಿಸ್‌ಹೈಮ್ ಎಂಬ ಊರಿನಲ್ಲಿ ಬಿದ್ದ ದೊಡ್ಡ ಶಿಲೆಯನ್ನು ರಾಜನು ಶುಭಶಕುನವೆಂದು ಬಗೆದು ಚರ್ಚಿನಲ್ಲಿ ಇರಿಸಿದ. ಹದಿನೆಂಟನೆಯ ಶತಮಾನದ ಫ್ರೆಂಚ್ ಪಂಡಿತರು ಇದಕ್ಕೆ ತದ್ವಿರುದ್ಧವಾದ ತುದಿಗೆ ಹೋದರು: ಆಕಾಶದಲ್ಲಿ ಕಲ್ಲಿಲ್ಲ, ಆದ್ದರಿಂದ ಆಕಾಶದಿಂದ ಕಲ್ಲು ಬೀಳಲಾರದು, ಹಳ್ಳಿಗರು ಕಂಡದ್ದೆಲ್ಲ ಭ್ರಮೆ. ಹಳ್ಳಿಗರ ಕಣ್ಣಿಗಿಂತ ತಮ್ಮ ತರ್ಕವನ್ನೇ ಹೆಚ್ಚು ನಂಬುವ ಈ ದೋಷ ಪಂಡಿತರಿಗೆ ಎಲ್ಲ ಕಾಲದಲ್ಲಿಯೂ ಉಂಟು.

ಈ ಹಠವನ್ನು ಮುರಿದುದರಲ್ಲಿ ನಮ್ಮ ದೇಶದ್ದೂ ಒಂದು ಪಾಲಿದೆ. 1794ರಲ್ಲಿ ಕ್ಲಾಡ್ನಿ ಎಂಬ ಜರ್ಮನ್ ವಿದ್ವಾಂಸನು ಇಂಥ ಶಿಲೆಗಳು ಅಂತರಿಕ್ಷದಿಂದಲೇ ಬರುತ್ತವೆಂದು ವಾದಿಸಿ ಅಪಹಾಸ್ಯಕ್ಕೆ ಗುರಿಯಾಗಿದ್ದ. 1798ರ ಡಿಸೆಂಬರಿನಲ್ಲಿ ಕಾಶಿಯ ಸಮೀಪದಲ್ಲಿ ಶಿಲೆಗಳ ಮಳೆಯೇ ಸುರಿಯಿತು. ಆ ಕಲ್ಲುಗಳನ್ನೂ ಯೂರೋಪಿನಲ್ಲಿ ಬಿದ್ದ ಕೆಲವನ್ನೂ ಒಟ್ಟಿಗೆ ಇಟ್ಟು ಹೋವರ್ಡ್ ಎಂಬ ಇಂಗ್ಲಿಷ್ ರಸಾಯನಜ್ಞನು 1802ರಲ್ಲಿ ಪರೀಕ್ಷಿಸಿದಾಗ ಎಲ್ಲದರಲ್ಲಿಯೂ ನಿಕಲ್ ಬೆರೆತ ಕಬ್ಬಿಣ ಕಂಡಿತು. ಸಾವಿರಾರು ಮೈಲಿ ಅಂತರದಲ್ಲಿ ಬಿದ್ದ ಕಲ್ಲುಗಳು ಒಂದೇ ಮನೆಯ ಮಕ್ಕಳಂತೆ ಇದ್ದವು. ಮರುವರ್ಷ ಫ್ರಾನ್ಸಿನ ಲೇಗ್ಲ್ ಎಂಬಲ್ಲಿ ಹಾಡುಹಗಲೇ ಸಾವಿರಗಟ್ಟಲೆ ಕಲ್ಲು ಬಿದ್ದು, ಬಿಯೋ ಎಂಬ ವಿಜ್ಞಾನಿ ಊರೂರು ತಿರುಗಿ ಸಾಕ್ಷ್ಯ ಸಂಗ್ರಹಿಸಿದ ಮೇಲೆ ಪಂಡಿತರ ಬಾಯಿ ಕಟ್ಟಿತು.

ಅದೇ ವರ್ಷಗಳಲ್ಲಿ ಆಕಾಶದ ಇನ್ನೊಂದು ಬಾಗಿಲೂ ತೆರೆಯಿತು. ಸೂರ್ಯನಿಂದ ಗ್ರಹಗಳಿರುವ ದೂರಗಳನ್ನು ಒಂದು ಲೆಕ್ಕದ ಸರಣಿಯಾಗಿ ಜೋಡಿಸಬಹುದೆಂದು ಟೀಟಿಯಸ್ ಮತ್ತು ಬೋಡ್ ಎಂಬುವರು ತೋರಿಸಿದ್ದರು. ಭೂಮಿಯ ದೂರವನ್ನು 10 ಎಂದಿಟ್ಟರೆ ಮಂಗಳ 16ರಲ್ಲಿಯೂ ಗುರು 52ರಲ್ಲಿಯೂ ಬರುತ್ತವೆ. ನಡುವೆ 28ರಲ್ಲಿ ಒಂದು ಗ್ರಹವಿರಬೇಕಿತ್ತು, ಇರಲಿಲ್ಲ. 1801ರ ಜನವರಿ 1ರಂದು ಸಿಸಿಲಿಯ ಪಲೆರ್ಮೊ ನಗರದಲ್ಲಿ ಪಿಯಾಜಿ ಎಂಬ ಕ್ರೈಸ್ತ ಸಂನ್ಯಾಸಿ ನಕ್ಷತ್ರಪಟ್ಟಿ ಮಾಡುತ್ತಿದ್ದಾಗ, ರಾತ್ರಿಯಿಂದ ರಾತ್ರಿಗೆ ಸ್ಥಾನ ಬದಲಿಸುವ ಚುಕ್ಕೆಯೊಂದನ್ನು ಕಂಡ. ಅದೇ ಸಿರೀಸ್. ಕೆಲವು ವಾರಗಳಲ್ಲಿ ಅದು ಸೂರ್ಯನ ಪ್ರಭೆಯಲ್ಲಿ ಕಾಣೆಯಾಯಿತು. ಇಪ್ಪತ್ತನಾಲ್ಕು ವಯಸ್ಸಿನ ಗೌಸನು ಹೊಸ ಗಣಿತ ಕಟ್ಟಿ ಅದು ಮತ್ತೆ ಎಲ್ಲಿ ಕಾಣಿಸುವುದೆಂದು ಹೇಳಿದ; ವರ್ಷದ ಕೊನೆಗೆ ಅಲ್ಲಿಯೇ ಸಿಕ್ಕಿತು. ಅದರ ದೂರ 27.7. ಆಗ ಲೆಕ್ಕವೇ ಗೆದ್ದಿತೆಂದು ಎಲ್ಲರೂ ಹಿಗ್ಗಿದರು. ಮುಂದೆ 1846ರಲ್ಲಿ ಸಿಕ್ಕಿದ ನೆಪ್ಚೂನ್ ಆ ಸರಣಿಗೆ ಬಗ್ಗಲಿಲ್ಲ. ತಪ್ಪಾದ ಸೂತ್ರವೊಂದು ಸರಿಯಾದ ಕಡೆ ಬೆರಳು ತೋರಿಸಿದ್ದುಂಟೆಂಬುದಕ್ಕೆ ಇದೊಂದು ನಿದರ್ಶನ.

ಸಿರೀಸ್ ಒಂದೇ ಆಗಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. 1802ರಲ್ಲಿ ಪಲ್ಲಾಸ್, 1804ರಲ್ಲಿ ಜೂನೋ, 1807ರಲ್ಲಿ ವೆಸ್ಟಾ, ಎಲ್ಲವೂ ಸುಮಾರು ಅದೇ ವಲಯದಲ್ಲಿ ಸಿಕ್ಕವು. ದೂರದರ್ಶಕದಲ್ಲಿ ನಕ್ಷತ್ರದಂತೆ ಬರಿಯ ಚುಕ್ಕೆಯಾಗಿ ಕಂಡುದರಿಂದ ಹರ್ಷಲನು ಇವಕ್ಕೆ ‘ತಾರಾಸದೃಶ’ ಎಂಬ ಅರ್ಥದ ಹೆಸರಿಟ್ಟ. ನಾವು ಕನ್ನಡದಲ್ಲಿ ‘ಕ್ಷುದ್ರಗ್ರಹ’ ಎನ್ನುತ್ತೇವೆ. ಈ ಪದದ ವಿಷಯದಲ್ಲಿ ನಮಗೆ ಸ್ವಲ್ಪ ಅಸಮಾಧಾನವುಂಟು. ಕ್ಷುದ್ರವೆಂದರೆ ಚಿಕ್ಕದೆಂದು ಸಂಸ್ಕೃತದಲ್ಲಿ ಅರ್ಥವಾದರೂ ಕನ್ನಡಿಗರ ಕಿವಿಗೆ ಕ್ಷುದ್ರದೈವ, ಕ್ಷುದ್ರಬುದ್ಧಿಗಳೇ ಮೊದಲು ಕೇಳಿಸುತ್ತವೆ. ವಾಡಿಕೆಗೆ ಬಂದ ಪದವಾದ್ದರಿಂದ ಬಳಸದೆ ಗತಿಯಿಲ್ಲ.

ಪಲ್ಲಾಸನ್ನು ಕಂಡ ಓಲ್ಬರ್ಸ್ ಎಂಬ ವೈದ್ಯನು ಒಂದು ಊಹೆಯನ್ನು ಮುಂದಿಟ್ಟ. ಹಿಂದೆ ಅಲ್ಲಿ ಒಂದು ಪೂರ್ಣ ಗ್ರಹವಿತ್ತು, ಅದು ಯಾವುದೋ ಕಾರಣದಿಂದ ಸಿಡಿಯಿತು, ಇವೆಲ್ಲ ಅದರ ಚೂರುಗಳು. ಕೇಳಲು ಎಷ್ಟು ಸೊಗಸು! ನೂರು ವರ್ಷಕ್ಕೂ ಮಿಕ್ಕು ಈ ಕಥೆ ಬಾಳಿತು. ಇಂದಿಗೂ ಕೆಲವು ಪ್ರವಚನಗಳಲ್ಲಿ ಕೇಳಿಬರುತ್ತದೆ. ಇದು ನಿಜವಲ್ಲ. ಆ ವಲಯದಲ್ಲಿ ಇಂದು ಇರುವುದೆಲ್ಲವನ್ನೂ ಒಂದುಗೂಡಿಸಿದರೂ ನಮ್ಮ ಚಂದ್ರನ ನೂರರಲ್ಲಿ ಮೂರು ನಾಲ್ಕು ಪಾಲಾದೀತು. ಅದರಲ್ಲಿಯೂ ಮೂರನೆಯ ಒಂದಕ್ಕಿಂತ ಹೆಚ್ಚು ಸಿರೀಸ್ ಒಂದರದೇ. ಅಷ್ಟರಿಂದ ಗ್ರಹ ಆಗದು.

ಈಗ ಮತ್ತೆ 1865ಕ್ಕೆ ಬರೋಣ. ಆ ವರ್ಷದ ಆಸುಪಾಸಿನ ದಿನಾಂಕಗಳನ್ನು ಒಂದು ಕಡೆ ಬರೆದು ನೋಡಿದಾಗ ನಮಗೇ ಬೆರಗಾಯಿತು. ಆಗಸ್ಟ್ 25ರಂದು ಬಿಹಾರದ ಶೇರ್‌ಘಾಟಿಯಲ್ಲಿ ಒಂದು ಶಿಲೆ ಬಿದ್ದಿತು. ಇಪ್ಪತ್ತೇಳು ದಿನಗಳ ಅನಂತರ ಮದ್ದೂರಿನಲ್ಲಿ ಬಿದ್ದಿತು. ಮರುವರ್ಷ, 1866ರ ಏಪ್ರಿಲಿನಲ್ಲಿ, ಉಡುಪಿಯಲ್ಲಿ ಬಿದ್ದಿತು. ಮುಂದಿನ ತಿಂಗಳು, ಮೇ 16ರಂದು, ಮದರಾಸಿನ ವೀಕ್ಷಣಾಲಯದಲ್ಲಿ ನಾರ್ಮನ್ ಪಾಗ್ಸನ್ ಸಿಲ್ವಿಯಾ ಎಂಬ ಕ್ಷುದ್ರಗ್ರಹವನ್ನು ಕಂಡುಹಿಡಿದ. ಅದೇ ವರ್ಷ ಅಮೆರಿಕದ ಕರ್ಕ್‌ವುಡ್ ಎಂಬ ಪ್ರಾಧ್ಯಾಪಕನು ಕ್ಷುದ್ರಗ್ರಹ ವಲಯದಲ್ಲಿ ಬರಿದಾದ ಪಟ್ಟೆಗಳಿವೆಯೆಂದು ಪ್ರಕಟಿಸಿದ. ಕಲ್ಲು ಬೀಳುತ್ತಿದ್ದುದು ಒಂದು ಕಡೆ, ಅದು ಯಾವ ದಾರಿಯಲ್ಲಿ ಬರುತ್ತದೆಂಬುದಕ್ಕೆ ಉತ್ತರ ಸಿಕ್ಕುತ್ತಿದ್ದುದು ಇನ್ನೊಂದು ಕಡೆ. ಎರಡಕ್ಕೂ ಸಂಬಂಧವಿದೆಯೆಂದು ಅಂದು ಖಚಿತವಾಗಿ ಹೇಳಬಲ್ಲವರಿರಲಿಲ್ಲ.

ಪಾಗ್ಸನ್ನನ ಬಗೆಗೆ ಒಂದೆರಡು ಮಾತು. ಏಷ್ಯಾ ಖಂಡದಿಂದ ಕಂಡ ಮೊದಲ ಕ್ಷುದ್ರಗ್ರಹವನ್ನು 1861ರಲ್ಲಿ ಮದರಾಸಿನಲ್ಲಿ ಹಿಡಿದವನು ಅವನೇ. ಅದಕ್ಕೆ ‘ಏಷ್ಯಾ’ ಎಂದೇ ಹೆಸರಿಟ್ಟ. ಅವನ ಸಹಾಯಕರಾಗಿದ್ದ ಚಿಂತಾಮಣಿ ರಘುನಾಥಾಚಾರಿಯವರು ಪಂಚಾಂಗವನ್ನೂ ದೂರದರ್ಶಕವನ್ನೂ ಬಲ್ಲವರು. 1874ರ ಶುಕ್ರಸಂಕ್ರಮಣವನ್ನು ಕುರಿತು ಕನ್ನಡವೂ ಸೇರಿದಂತೆ ದೇಶಭಾಷೆಗಳಲ್ಲಿ ಜನರಿಗಾಗಿ ಬರೆದರು. ಆ ವೀಕ್ಷಣಾಲಯದ ಪರಂಪರೆ ಕೊಡೈಕೆನಾಲಿನ ಮೂಲಕ ಸಾಗಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಗೆ ಬಂದು ಸೇರಿದೆ. ಆ ಸಂಸ್ಥೆಯ ಕಾವಲೂರು ವೀಕ್ಷಣಾಲಯದಲ್ಲಿ ರಾಜಮೋಹನ್ ಅವರೂ ಅವರ ಸಂಗಡಿಗರೂ 1988ರ ಫೆಬ್ರುವರಿಯಲ್ಲಿ ಕಂಡ ಕ್ಷುದ್ರಗ್ರಹಕ್ಕೆ ಗಣಿತಜ್ಞ ರಾಮಾನುಜನ್ನರ ಹೆಸರಿದೆ. ಪಾಗ್ಸನ್ 1885ರಲ್ಲಿ ಕಂಡುದಾದ ಮೇಲೆ ಭಾರತದ ನೆಲದಿಂದ ಅಂಥ ಶೋಧ ನಡೆಯಲು ನೂರು ವರ್ಷಕ್ಕೂ ಹೆಚ್ಚು ಬೇಕಾಯಿತು.

ಇನ್ನು ಶಿಲೆಯ ಒಳಗೇನಿದೆ? ಮದ್ದೂರಿನ ಶಿಲೆಯನ್ನು ವಿಜ್ಞಾನಿಗಳು ‘ಎಲ್ 5’ ಎಂಬ ವರ್ಗಕ್ಕೆ ಸೇರಿಸಿದ್ದಾರೆ. ‘ಎಲ್’ ಎಂದರೆ ಕಬ್ಬಿಣದ ಅಂಶ ಕಡಿಮೆಯಾದುದು. ಉಡುಪಿಯ ಶಿಲೆ ಕಬ್ಬಿಣ ಹೆಚ್ಚಾದ ‘ಎಚ್’ ವರ್ಗದ್ದು. ಭೂಮಿಗೆ ಬೀಳುವ ಶಿಲೆಗಳಲ್ಲಿ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಎಲ್ ವರ್ಗದವೇ. ಇಂಥ ಕಲ್ಲನ್ನು ಕೊಯ್ದು ನೋಡಿದರೆ ರಾಗಿಯ ಕಾಳಿನಂತಹ ಸಣ್ಣ ಗುಂಡುಗಳು ಒತ್ತೊತ್ತಾಗಿ ಕಾಣುತ್ತವೆ. ಸೂರ್ಯನು ಹುಟ್ಟುತ್ತಿದ್ದ ಕಾಲದಲ್ಲಿ ಅವನ ಸುತ್ತ ಸುಳಿಯುತ್ತಿದ್ದ ಧೂಳು ಕರಗಿ ಹನಿಯಾಗಿ ಮತ್ತೆ ಹೆಪ್ಪುಗಟ್ಟಿದ ಬಿಂದುಗಳು ಅವು. ಸೌರವ್ಯೂಹದ ಮೊದಲ ಗಟ್ಟಿ ಕಣಗಳು 456.7 ಕೋಟಿ ವರ್ಷಗಳ ಹಿಂದಿನವು. ಈ ಗುಂಡುಗಳು ಅವಕ್ಕಿಂತ ಸ್ವಲ್ಪವೇ ಕಿರಿಯವು. ನಮ್ಮ ಮಂಡ್ಯ ಜಿಲ್ಲೆಯ ಬಂಡೆಗಳು ಭಾರತದಲ್ಲಿಯೇ ಬಹು ಪುರಾತನವೆಂದು ಹೇಳುತ್ತೇವೆ. ಸುಮಾರು 300 ಕೋಟಿ ವರ್ಷಗಳ ಬಂಡೆಗಳಿವೆ ಇಲ್ಲಿ. ಅವುಗಳ ಮೇಲೆ ಬಂದು ಬಿದ್ದ ಆ ಶಿಲೆ ಅವಕ್ಕಿಂತಲೂ 150 ಕೋಟಿ ವರ್ಷಗಳಷ್ಟು ಹಿರಿಯದು.

ಆ ಗುಂಡುಗಳೂ ಧೂಳೂ ಒಂದಕ್ಕೊಂದು ಅಂಟಿಕೊಂಡು ನೂರಾರು ಕಿಲೋಮೀಟರ್ ಅಗಲದ ಪಿಂಡಗಳಾದವು. ಅವುಗಳಲ್ಲಿ ಅಡಕವಾಗಿದ್ದ ವಿಕಿರಣಶೀಲ ಅಲ್ಯೂಮಿನಿಯಮ್ ಒಳಗಿಂದೊಳಗೇ ಕಾವು ಕೊಟ್ಟಿತು. ಬೇಗನೆ ಬೆಳೆದ ವೆಸ್ಟಾದಂಥವು ಪೂರ್ತಿ ಕರಗಿ ಕಬ್ಬಿಣವು ನಡುವಿಗಿಳಿದು ಪುಟ್ಟ ಭೂಮಿಗಳೇ ಆದವು. 2011ರಲ್ಲಿ ಡಾನ್ ಎಂಬ ನೌಕೆ ಹೋಗಿ ಸುತ್ತಿ ನೋಡಿಬಂದುದು ಇದನ್ನೇ ಸ್ಥಿರಪಡಿಸಿತು. ತಡವಾಗಿ ಕೂಡಿದವು ಕರಗದೆ ಬೆಂದವು. ಮದ್ದೂರಿನ ಶಿಲೆಯ ‘5’ ಎಂಬ ಅಂಕಿ ಈ ಬೇಯುವಿಕೆಯ ಅಳತೆ: ಏಳೆಂಟು ನೂರು ಡಿಗ್ರಿ ಕಾವಿನಲ್ಲಿ ರಾಗಿಕಾಳಿನ ಅಂಚುಗಳು ಮಸುಕಾಗುವಷ್ಟು ಬೆಂದಿದೆ. ಹೆಂಚಿನ ಮೇಲೆ ಚೆನ್ನಾಗಿ ಬೆಂದ ರೊಟ್ಟಿಯಲ್ಲಿ ಹಿಟ್ಟಿನ ಕಣ ಬೇರೆಯಾಗಿ ಕಾಣದಲ್ಲ, ಹಾಗೆ.

ಈ ಪಿಂಡಗಳೆಲ್ಲ ಕೂಡಿ ಒಂದು ಗ್ರಹವಾಗಬೇಕಿತ್ತು. ಆಗಗೊಡಲಿಲ್ಲ ಗುರುಗ್ರಹ. ಅದು ಪಕ್ಕದಲ್ಲಿ ಬಹು ಬೇಗ, ಕೆಲವೇ ಹತ್ತು ಲಕ್ಷ ವರ್ಷಗಳಲ್ಲಿ, ದೈತ್ಯಾಕಾರವಾಗಿ ಬೆಳೆದು ತನ್ನ ಸೆಳೆತದಿಂದ ಈ ವಲಯವನ್ನು ಕಲಕಿತು. ಮೆಲ್ಲಗೆ ಮುಟ್ಟಿ ಅಂಟಿಕೊಳ್ಳಬೇಕಾದವು ವೇಗದಿಂದ ಡಿಕ್ಕಿ ಹೊಡೆದು ಪುಡಿಯಾದವು. ಹೆಚ್ಚಿನ ಪಾಲು ಸೂರ್ಯನಲ್ಲಿ ಬಿದ್ದೋ ವ್ಯೂಹದಾಚೆಗೆ ಎಸೆಯಲ್ಪಟ್ಟೋ ಹೋಯಿತು. ಒಡೆದ ಗ್ರಹವೆಂದು ಓಲ್ಬರ್ಸ್ ಭಾವಿಸಿದುದು ವಾಸ್ತವವಾಗಿ ಗ್ರಹವಾಗಲಾರದೆ ಉಳಿದ ಸಾಮಗ್ರಿ. ಮನೆ ಕೆಡವಿದ ಜಾಗವಲ್ಲ ಅದು. ಕಟ್ಟಲು ತಂದು ಹಾಕಿದ ಕಲ್ಲು ಇಟ್ಟಿಗೆ, ಕಟ್ಟುವ ಮೊದಲೇ ಚೆಲ್ಲಾಪಿಲ್ಲಿಯಾದುದು.

ಕರ್ಕ್‌ವುಡ್ ಕಂಡ ಬರಿದು ಪಟ್ಟೆಗಳೂ ಗುರುವಿನ ಕೆಲಸವೇ. ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ಮತ್ತೆ ಮತ್ತೆ ಮೆಲ್ಲಗೆ ನೂಕಿದರೆ ಅದು ಎತ್ತರೆತ್ತರಕ್ಕೆ ಏರುತ್ತದೆ. ಗುರು ಒಮ್ಮೆ ಸೂರ್ಯನನ್ನು ಸುತ್ತುವಷ್ಟರಲ್ಲಿ ಸರಿಯಾಗಿ ಮೂರು ಸುತ್ತು ಬರುವ ದೂರದಲ್ಲಿ, ಅಂದರೆ ಭೂಮಿಯ ದೂರದ ಎರಡೂವರೆ ಪಟ್ಟಿನಲ್ಲಿ, ಇರುವ ಪಿಂಡಕ್ಕೆ ಅಂಥ ನೂಕು ಬೀಳುತ್ತದೆ. ಅದರ ಕಕ್ಷೆ ನೀಳವಾಗುತ್ತ ಹೋಗಿ ಭೂಮಿಯ ದಾರಿಯನ್ನು ಅಡ್ಡಹಾಯುತ್ತದೆ. ಆ ಪಟ್ಟೆಯೇ ನಮ್ಮ ಕಡೆಗೆ ತೆರೆದ ಬಾಗಿಲು. ಬಾಗಿಲ ತನಕ ಕಲ್ಲನ್ನು ತಂದು ಬಿಡುವುದು ಬಿಸಿಲು: ಕಾದ ಕಲ್ಲು ತಿರುಗುತ್ತ ಶಾಖವನ್ನು ಹೊರಬಿಡುವಾಗ ಉಂಟಾಗುವ ಅತಿ ಸೂಕ್ಷ್ಮ ನೂಕು ಕೋಟ್ಯಂತರ ವರ್ಷಗಳಲ್ಲಿ ಅದರ ದಾರಿಯನ್ನು ಸರಿಸುತ್ತದೆ. ಯಾರ್ಕೋವ್‌ಸ್ಕಿ ಎಂಬ ಇಂಜಿನಿಯರನ ಹೆಸರು ಇದಕ್ಕಿದೆ.

ಎಲ್ ವರ್ಗದ ತಾಯಿಪಿಂಡಕ್ಕೆ ಸುಮಾರು 47 ಕೋಟಿ ವರ್ಷಗಳ ಹಿಂದೆ ಮಹಾ ಆಘಾತವೊಂದು ತಗುಲಿತೆಂಬುದು ಈ ಶಿಲೆಗಳ ಒಳಗಿನ ಕಾಲಮಾನದಿಂದಲೇ ತಿಳಿಯುತ್ತದೆ. ಇದಕ್ಕೆ ಇನ್ನೊಂದು ಸಾಕ್ಷ್ಯ ಸ್ವೀಡನ್ನಿನಲ್ಲಿ ದೊರೆತಿದೆ. ಅಲ್ಲಿ ನೆಲಹಾಸಿಗಾಗಿ ಸುಣ್ಣಕಲ್ಲು ಕೊಯ್ಯುವ ಗಣಿಯೊಂದರಲ್ಲಿ, ಆ ಕಾಲದ ಸಮುದ್ರತಳದ ಪದರದೊಳಗೆ ಹೂತ ನೂರಕ್ಕೂ ಹೆಚ್ಚು ಉಲ್ಕಾಶಿಲೆಗಳು ಸಿಕ್ಕಿವೆ. ಬಹುತೇಕ ಎಲ್ಲವೂ ಎಲ್ ವರ್ಗದವು. ಕೆಲಸಗಾರರು ಅವನ್ನು ಕಲ್ಲಿನ ಕಲೆಯೆಂದು ಬಿಸಾಡುತ್ತಿದ್ದರಂತೆ.

ತಾಯಿ ಯಾವುದು? ಬಹುಕಾಲ ಅನುಮಾನವಿತ್ತು. 1918ರಲ್ಲಿಯೇ ಜಪಾನಿನ ಹಿರಾಯಾಮ ಎಂಬುವನು ಕ್ಷುದ್ರಗ್ರಹಗಳಲ್ಲಿ ಕುಟುಂಬಗಳಿವೆಯೆಂದು ತೋರಿಸಿದ್ದ; ಒಂದೇ ಪಿಂಡ ಒಡೆದು ಆದ ಮಕ್ಕಳು ಒಂದೇ ಬಗೆಯ ಕಕ್ಷೆಗಳಲ್ಲಿ ಸಾಗುತ್ತವೆ. 2010ರಲ್ಲಿ ಜಪಾನಿನ ಹಯಬುಸಾ ನೌಕೆ ಇಟೊಕಾವಾ ಎಂಬ ಪುಟ್ಟ ಕ್ಷುದ್ರಗ್ರಹದ ಧೂಳನ್ನೇ ತಂದಿತು. ಅದು ಮದ್ದೂರಿನಂಥ ಶಿಲೆಗಳ ಹತ್ತಿರದ ಬಂಧುವೆಂದು ಸಿದ್ಧವಾಯಿತು. 2024ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಎಲ್ ವರ್ಗದ ಮನೆಯನ್ನು ಮಸಾಲಿಯಾ ಎಂಬ ಕ್ಷುದ್ರಗ್ರಹದ ಕುಟುಂಬದಲ್ಲಿ ಗುರುತಿಸಿದೆ. ಆ ಕುಟುಂಬದಲ್ಲಿ ಎರಡು ದೊಡ್ಡ ಡಿಕ್ಕಿಗಳಾಗಿವೆ. ಹಳೆಯದು ಮೇಲೆ ಹೇಳಿದ ಪುರಾತನ ಆಘಾತ, ಹೊಸದು ಸುಮಾರು 4 ಕೋಟಿ ವರ್ಷಗಳ ಹಿಂದಿನದು. ಇಂದು ಬೀಳುತ್ತಿರುವ ಎಲ್ ಶಿಲೆಗಳು ಈ ಎರಡನೆಯದರಿಂದ ಹೊರಟವೆಂದು ಅಲ್ಲಿ ವಾದಿಸಲಾಗಿದೆ. ಉಡುಪಿಯ ಶಿಲೆಯ ವರ್ಗಕ್ಕೆ ಬೇರೆ ಕುಟುಂಬವಿದೆ, ಕೊರೋನಿಸ್ ಎಂದು. ಶೇರ್‌ಘಾಟಿಯ ಶಿಲೆಯಂತೂ ಕ್ಷುದ್ರಗ್ರಹದ್ದೇ ಅಲ್ಲ. ಅದರ ಬಂಧುವೊಂದರಲ್ಲಿ ಸೆರೆಸಿಕ್ಕ ಗಾಳಿಯನ್ನು 1983ರಲ್ಲಿ ಪರೀಕ್ಷಿಸಿದಾಗ ಅದು ಮಂಗಳಗ್ರಹದ ವಾಯುವೆಂದು ತಿಳಿದುಬಂದಿತು. ಒಂದೇ ತಿಂಗಳ ಅಂತರದಲ್ಲಿ ಮಂಗಳದ ಕಲ್ಲೊಂದು ಬಿಹಾರಕ್ಕೂ, ಆಗದ ಗ್ರಹದ ಕಲ್ಲೊಂದು ಮದ್ದೂರಿಗೂ ಬಂದಿದ್ದವು!

ಇಷ್ಟನ್ನೂ ಹೇಳಲು ಸಾಧ್ಯವಾದದ್ದು 1865ರಲ್ಲಿ ಯಾರೋ ಆ ಕಲ್ಲನ್ನು ಎತ್ತಿ, ಒಡೆದು ಹಂಚಿಕೊಳ್ಳದೆ, ಬಾವಿಗೆ ಹಾಕದೆ ಅಧಿಕಾರಿಗಳಿಗೆ ಮುಟ್ಟಿಸಿದ್ದರಿಂದ. ಇಲ್ಲಿ ನಮ್ಮ ಸಮಾಜದವರಿಗೆ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ಆಕಾಶದಿಂದ ಕಲ್ಲು ಬಿದ್ದರೆ ಅದನ್ನು ಉದ್ಭವಲಿಂಗವೆಂದು ಕರೆದು ಗುಡಿ ಎಬ್ಬಿಸುವ ಚಪಲ ನಮ್ಮಲ್ಲಿ ಇನ್ನೂ ಹೋಗಿಲ್ಲ. ಅಂಗೈಯಲ್ಲಿ ಇಷ್ಟಲಿಂಗವನ್ನು ಧರಿಸಿದವರಿಗೆ ಅದರ ಅಗತ್ಯವೇನಿದೆ? ಸ್ಥಾವರದ ವಿಷಯದಲ್ಲಿ ಶರಣರ ನಿಲುವೇನೆಂಬುದು ಎಲ್ಲರಿಗೂ ತಿಳಿದಿದೆ. ಶಾಸ್ತ್ರ ಅತ್ತಿರಲಿ, ಲೌಕಿಕವಾಗಿಯೂ ಅಭಿಷೇಕವು ಆ ಶಿಲೆಗೆ ವಿಷ. ಒಳಗಿನ ಕಬ್ಬಿಣ ನೀರು ತಗುಲಿದೊಡನೆ ತುಕ್ಕು ಹಿಡಿಯುತ್ತದೆ. ಎಣ್ಣೆ, ಕುಂಕುಮ, ವಿಭೂತಿಗಳು ಪರೀಕ್ಷೆಯನ್ನು ಕೆಡಿಸುತ್ತವೆ. 456 ಕೋಟಿ ವರ್ಷ ಕೆಡದೆ ಬಂದುದು ನಮ್ಮ ಭಕ್ತಿಯಿಂದ ನಾಲ್ಕು ಮಳೆಗಾಲದಲ್ಲಿ ಮಣ್ಣಾಗುತ್ತದೆ.

ಗುರುತು ಕಷ್ಟವಲ್ಲ. ಹೊಸದಾಗಿ ಬಿದ್ದ ಶಿಲೆಯ ಹೊರಮೈ ಕರಗಿ ಗಟ್ಟಿಯಾದ ತೆಳುವಾದ ಕಪ್ಪು ಸಿಪ್ಪೆಯಿಂದ ಮುಚ್ಚಿರುತ್ತದೆ, ಮುರಿದಲ್ಲಿ ಬೂದುಬಣ್ಣ, ಅದೇ ಗಾತ್ರದ ಬೇರೆ ಕಲ್ಲಿಗಿಂತ ಭಾರ, ಅಯಸ್ಕಾಂತಕ್ಕೆ ಅಂಟುತ್ತದೆ. ಜನ ಹೆದರುವಂತೆ ಅದು ಕೆಂಡದಂತೆ ಸುಡುವುದಿಲ್ಲ, ಏಕೆಂದರೆ ಉರಿ ಹೊರಮೈಗಷ್ಟೇ ತಗುಲಿ, ಕೊನೆಯ ಹಂತದಲ್ಲಿ ವೇಗ ಕುಂದಿ ತಣ್ಣಗಾಗುತ್ತದೆ. ಒಣ ಬಟ್ಟೆಯಲ್ಲಿ ಸುತ್ತಿ, ಬಿದ್ದ ಹೊತ್ತನ್ನೂ ಜಾಗವನ್ನೂ ಬಂದ ದಿಕ್ಕನ್ನೂ ಬರೆದಿಟ್ಟು ತಹಸೀಲ್ದಾರರಿಗೆ ತಿಳಿಸಿದರೆ ಸಾಕು. ದೇಶದಲ್ಲಿ ಬಿದ್ದ ಶಿಲೆಗಳನ್ನು ಕಾಪಿಡುವ ಹೊಣೆ ಕೋಲ್ಕತ್ತದಲ್ಲಿ ಕೇಂದ್ರವಿರುವ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯದು. ಮದ್ದೂರಿನ ಹೈಸ್ಕೂಲುಗಳಲ್ಲಿ ಒಂದಾದರೂ ಆ ಇಲಾಖೆಗೆ ಕಾಗದ ಬರೆದು ತಮ್ಮೂರ ಶಿಲೆಯ ಚಿತ್ರವನ್ನು ತರಿಸಿಕೊಂಡು ಗೋಡೆಗೆ ಹಾಕಬಾರದೇಕೆ?

ಪೂರಿಗಾಲಿಯ ಆ ಬಾಲಕನಿಗೆ ಅಂದು ನಾವು ಇಷ್ಟೆಲ್ಲ ಹೇಳಲಿಲ್ಲ; ರಾತ್ರಿ ಮೀರಿತ್ತು. ಮದ್ದೂರಿನ ಕಥೆಯನ್ನಷ್ಟು ಹೇಳಿದೆವು. ಅವನು ಕೇಳಿಕೊಂಡು, ‘ಹಂಗಾರೆ ಬುದ್ಧೀ, ಇನ್ನೊಂದು ಬೀಳದು ಯಾವಾಗ?’ ಎಂದ. ಅವನ ಅಜ್ಜ ಗದರಿಸಿ ಒಳಗೆ ಕಳಿಸಿದರು.